‘ನಮ್ಮವರಿಗೇನೂ ಇಲ್ಲ’ ಎಂದ ವರ್ಷ

ಹೋದ ತಿಂಗಳು ಹಲ್ಲುನೋವು ಅಂತ ಇಲ್ಲಿ ಲಂಡನ್ನಿನ ಕ್ವೀನ್ಸ್‌ಬರಿಯ ಡೆಂಟಿಸ್ಟ್ ಹತ್ತಿರ ಹೋಗಿದ್ದೆ. ಬಾಗಿಲ ಪಕ್ಕದ ಗೋಡೆಯ ಡಬ್ಬಿಯಿಂದ ಜೆಲ್ ಒತ್ತಿ ಕೈ ಉಜ್ಜಿಕೊಂಡೆ. ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಿದ್ದಿದ್ದೇ ತಡ, ಹಲ್ಲುನೋವು ಮರೆತು ಸಿಕ್ಕ ಕುರ್ಚಿಯಲ್ಲಿ ಕೂತುಬಿಟ್ಟೆ. ಈಗ ಯಾರಿಗೇ ಆಗಲಿ, ಆ ವಾಸನೆ ಎಲ್ಲರನ್ನೂ ಮನೆಯೊಳಗೆ ಕೂರಿಸಿದ ಆ ದೊಡ್ಡ ರೋಗವನ್ನು ನೆನಪಿಸುತ್ತದೆ. ನನಗೆ ಅದಲ್ಲ. ಅದಕ್ಕೂ ಹತ್ತು ವರ್ಷ ಮುಂಚೆ ಬಂದಿದ್ದ ಹಂದಿಜ್ವರ ನೆನಪಾಗುತ್ತದೆ. ೨೦೦೯ರ ಬೇಸಿಗೆಯಿಂದ ಆ ಚಳಿಗಾಲದ ತನಕ. ಅದೆಲ್ಲ ಬರೀ ಗಾಬರಿ, ಏನೂ ಆಗಲಿಲ್ಲ ಅಂತ ನಗುವವರು ಇವತ್ತಿಗೂ ಇದ್ದಾರೆ. ಆ ವರ್ಷ ನಾನು ಒಂದು ತುಂಬಿದ ಸಭೆಯಲ್ಲಿ ಮೈಕು ಹಿಡಿದು ಒಂದು ಮಾತಾಡಿದೆ. ಒಬ್ಬ ಮನುಷ್ಯ ಅದನ್ನು ನಂಬಿದ. ಆ ಮಾತಿಗೂ ಅವನಿಗೆ ಆದದ್ದಕ್ಕೂ ಎಷ್ಟು ಸಂಬಂಧ ಅನ್ನುವುದನ್ನು ನಾನು ಇಷ್ಟು ವರ್ಷ ಎಳೆದಾಡುತ್ತಲೇ ಬಂದಿದ್ದೇನೆ.

ನಾನು ಮೈಸೂರಿನವಳು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಲಂಡನ್ನಿಗೆ ಬಂದೆ. ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಇಟ್ಟುಕೊಂಡು ಎರಡು ವರ್ಷ ಪಿನ್ನರ್‌ನ ಔಷಧದಂಗಡಿಯೊಂದರ ಕೌಂಟರಿನಲ್ಲಿ ನಿಂತೆ. ಆಮೇಲೆ ನಮ್ಮ ಭಾಗದ ಆರೋಗ್ಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕೆಲಸವೇನೆಂದರೆ ಸತ್ತವರನ್ನು ಎಣಿಸುವುದು. ಫೋನಿನಲ್ಲಿ ಹೇಳಿದಾಗ ಅಮ್ಮ, “ಥೂ, ಅದೂ ಒಂದು ಕೆಲಸವೇನೇ? ಬಾಯಿ ತೊಳ್ಕೊ” ಅಂದಳು. ರಿಜಿಸ್ಟ್ರಾರ್ ಹತ್ತಿರ ನೋಂದಣಿಯಾದ ಸಾವುಗಳ ಪಟ್ಟಿ ವಾರಕ್ಕೊಂದು ಸಲ ಬರುತ್ತಿತ್ತು. ಹೆಸರು, ವಯಸ್ಸು, ಹುಟ್ಟಿದ ಊರು, ಕಸುಬು, ಸಾವಿಗೆ ಕಾರಣ, ಎಲ್ಲ ಇರುತ್ತಿತ್ತು. ಒಂದು ಮಾತ್ರ ಇರುತ್ತಿರಲಿಲ್ಲ, ಸತ್ತವರು ಯಾವ ಜನಾಂಗದವರು ಅನ್ನುವುದು. ಈ ದೇಶದಲ್ಲಿ ಆಸ್ಪತ್ರೆಗೆ ಹೋದರೆ, ಕೆಲಸಕ್ಕೆ ಅರ್ಜಿ ಹಾಕಿದರೆ, ಮಕ್ಕಳನ್ನು ಸ್ಕೂಲಿಗೆ ಸೇರಿಸಿದರೆ ಇಂಡಿಯನ್ನೋ, ಕಪ್ಪು ಜನರೋ, ಬಿಳಿಯರೋ ಅಂತ ಚೌಕದಲ್ಲಿ ಗುರುತು ಹಾಕಿಸುತ್ತಾರೆ. ಸತ್ತ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೋಂದಣಿಯ ಕಾಗದದಲ್ಲಿ ಆ ಚೌಕವೇ ಇಲ್ಲ.

ನಮ್ಮ ಜನಕ್ಕಾದರೋ ಒಂದು ಚಟ ಇದೆ. ಹೊಸಬರು ಸಿಕ್ಕಿ ಹೆಸರು ಹೇಳಿದರೆ ಸಾಕು, ಊರು, ಜಾತಿ, ಯಾರ ಕಡೆಯವರು ಅಂತ ಅಂದಾಜು ಮಾಡಿ ಮುಗಿಸಿರುತ್ತೇವೆ. ನಮ್ಮಪ್ಪ ಮೇಷ್ಟ್ರು. ಹಾಜರಿ ಕೂಗುವಾಗಲೇ ಹುಡುಗನ ಹೆಸರಿನಿಂದ ಅವನ ಊರು ಹೇಳುತ್ತಿದ್ದರಂತೆ. ಆ ವಿದ್ಯೆ ನನಗೂ ಬಂದಿತ್ತು. ಲಂಡನ್ನಿನ ಕನ್ನಡ ಸಂಘದ ಊಟಗಳಲ್ಲಿ ಅದೇ ನನ್ನ ಆಟ. “ಹಿರೇಮಠ ಅಂದ್ರೆ ಧಾರವಾಡ ಕಡೆ, ಹೆಬ್ಬಾರ್ ಅಂದ್ರೆ ಉಡುಪಿ, ಹೇಳ್ರಿ, ಸರಿಯೋ ತಪ್ಪೋ?” ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನು ಉಬ್ಬುತ್ತಿದ್ದೆ. ನನ್ನ ನಾಲಿಗೆ ಸ್ವಲ್ಪ ಉದ್ದ ಅಂತ ನನ್ನ ಗಂಡ ಆಗಾಗ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಸಂಘದಲ್ಲಿ ನಮಗೆ ತೀರಾ ಹತ್ತಿರದವರು ಅಂದರೆ ಲಿಗೋರಿ ಲೋಬೊ ಮತ್ತು ಅವರ ಹೆಂಡತಿ ಲಿಲ್ಲಿ ಬಾಯಿ. ಉಡುಪಿ ಪಕ್ಕದ ಕಲ್ಯಾಣಪುರದ ಕ್ರಿಶ್ಚಿಯನ್ನರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಕ್ವೀನ್ಸ್‌ಬರಿಯಲ್ಲಿ ನಮ್ಮಿಂದ ಎರಡು ರಸ್ತೆ ಆಚೆ ಮನೆ. ಲಿಗೋರಿ ಕೌನ್ಸಿಲ್ಲಿನ ಸಣ್ಣ ಬಸ್ಸು ಓಡಿಸುತ್ತಿದ್ದರು, ನಡೆಯಲಾರದ ಮುದುಕರನ್ನು ಮನೆಯಿಂದ ಅವರು ಹಗಲು ಕಳೆಯುವ ಡೇ ಸೆಂಟರಿಗೆ ಕರೆದೊಯ್ಯುವ ಬಸ್ಸು. ಲಿಲ್ಲಿ ಬಾಯಿ ಒಂದು ಪ್ರೈಮರಿ ಸ್ಕೂಲಿನ ಅಡುಗೆಮನೆಯಲ್ಲಿದ್ದರು. ಸಂಘದ ಯಾವ ಕಾರ್ಯಕ್ರಮವೇ ಇರಲಿ, ಸ್ಕೂಲ್ ಹಾಲ್‌ನ ಬೀಗ ತೆಗೆಯುವವರು ಲಿಗೋರಿ, ಕೊನೆಗೆ ಕಸ ಗುಡಿಸಿ ಬೀಗ ಹಾಕುವವರೂ ಲಿಗೋರಿ. ನನ್ನನ್ನು ‘ಲೆಕ್ಕದ ಮೇಡಮ್’ ಅಂತ ಕರೆಯುತ್ತಿದ್ದರು. “ಮೇಡಮ್, ನನ್ನನ್ನೊಂದು ನಿಮ್ಮ ಪಟ್ಟಿಗೆ ಸೇರಿಸ್ಬೇಡಿ ಮಾರಾಯ್ರೇ, ಇನ್ನೂ ಮಗಳ ಮದ್ವೆ ಆಗ್ಲಿಕ್ಕುಂಟು” ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಬೇಸಿಗೆಯಲ್ಲಿ ಜ್ವರ ಸ್ಕೂಲುಗಳಿಂದ ಶುರುವಾಯಿತು. ಕಚೇರಿಯ ಮೆಟ್ಟಿಲು, ಲಿಫ್ಟು, ಕ್ಯಾಂಟೀನು, ಎಲ್ಲ ಕಡೆ ಜೆಲ್ ಡಬ್ಬಿಗಳು ಬಂದವು. ನಮ್ಮ ಮೇಲಿನ ಡಾಕ್ಟರ್ ಹ್ಯೂ, ವೇಲ್ಸ್‌ನವರು, ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತರು. ಮೆತ್ತನೆ ಮಾತು ಅವರದು. ನಮ್ಮ ಭಾಗದಲ್ಲಿರುವ ಇಂಡಿಯನ್ನರು ಈ ಜ್ವರದಿಂದ ಹೆಚ್ಚು ಸಾಯುತ್ತಿದ್ದಾರಾ ಅಂತ ಮೀಟಿಂಗಿನಲ್ಲಿ ಕೇಳುತ್ತಿದ್ದಾರೆ, ಪಟ್ಟಿಯಲ್ಲಿ ಜನಾಂಗ ಇಲ್ಲ, ಹೆಸರು ನೋಡಿ ನೀನು ಏನಾದರೂ ಹೇಳಬಲ್ಲೆಯಾ ಅಂದರು.

ನನಗೆ ಕೇಳಬೇಕೇ! ಹಸಿದವಳಿಗೆ ಎಲೆ ಹಾಕಿ ಕರೆದಂತಾಯಿತು. ಪಟ್ಟಿ ಹರಡಿಕೊಂಡು ಕೂತೆ. ಪಟೇಲ್, ಶಾ, ರಾವ್, ಇವೆಲ್ಲ ಸುಲಭ. ಅವರು ಕೀನ್ಯಾದಲ್ಲಿ ಹುಟ್ಟಿರಲಿ, ಇಲ್ಲೇ ಹುಟ್ಟಿರಲಿ, ಹೆಸರೇ ಹೇಳುತ್ತದೆ. ಹೆಸರಿನಿಂದ ತಿಳಿಯದಿದ್ದರೆ ಹುಟ್ಟಿದ ಊರು ನೋಡುವುದು. ಇಂಡಿಯಾ ಅಂತಿದ್ದರೆ ‘ನಮ್ಮವರು’ ಕಾಲಮ್ಮಿಗೆ, ಬೇರೆ ಏನಿದ್ದರೂ ‘ಇತರೆ’ಗೆ. ಪಿಂಟೋ, ಪಿರೇರಾ, ಫರ್ನಾಂಡಿಸ್ ಬಂದಾಗ ಸ್ವಲ್ಪ ತಡೆದೆ. ಲಂಡನ್ನಿನಲ್ಲಿ ಆ ಹೆಸರಿನ ಪೋರ್ಚುಗೀಸರೂ ಇದ್ದಾರೆ, ಬ್ರೆಜಿಲ್‌ನವರಿದ್ದಾರೆ, ಸಿಂಹಳದವರಿದ್ದಾರೆ. ಅಲ್ಲಿಗೂ ಅದೇ ನಿಯಮ ಇಟ್ಟೆ. ಇಂಡಿಯಾದಲ್ಲಿ ಹುಟ್ಟಿದ್ದರೆ ನಮ್ಮವರು, ಇಲ್ಲದಿದ್ದರೆ ಇತರೆ. ಒಟ್ಟು ಹೆಸರುಗಳು ತೀರಾ ಕಡಿಮೆ. ಆದರೂ ಕೂಡಿ, ಭಾಗಿಸಿ, ನಮ್ಮ ಭಾಗದ ಜನಸಂಖ್ಯೆಯಲ್ಲಿ ನಮ್ಮವರ ಪಾಲು ಎಷ್ಟೋ ಸಾವಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಅಂತ ಬರೆದುಕೊಟ್ಟೆ.

ಹ್ಯೂ ಓದಿ, ಅಡಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದರು. ಸಂಖ್ಯೆ ಬಹಳ ಚಿಕ್ಕದು, ಹೆಸರಿನಿಂದ ವಿಂಗಡಿಸಿದ್ದು, ವಯಸ್ಸನ್ನೂ ಮೊದಲಿನ ಕಾಯಿಲೆಗಳನ್ನೂ ಲೆಕ್ಕಕ್ಕೆ ಹಿಡಿದಿಲ್ಲ, ಇದರಿಂದ ಏನನ್ನೂ ತೀರ್ಮಾನಿಸಬಾರದು. “ಇದು ಈ ಕಟ್ಟಡದಿಂದ ಆಚೆ ಹೋಗೋದು ಬೇಡ, ವಸುಧಾ” ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾವಾಗಲೂ ಹೀಗೇ, ಅಡ್ಡಗೋಡೆ ಮೇಲೆ ದೀಪ ಇಡುವುದು ಬಿಟ್ಟು ಈ ಮನುಷ್ಯನಿಗೆ ಬೇರೆ ಗೊತ್ತಿಲ್ಲ ಅಂದುಕೊಂಡೆ.

ನವೆಂಬರ್ ಬಂತು. ಸ್ಟ್ಯಾನ್ಮೋರಿನ ಒಂದು ಸ್ಕೂಲ್ ಹಾಲಿನಲ್ಲಿ ರಾಜ್ಯೋತ್ಸವ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೀಟರಿನ ಮೇಲೆ ಒಣಗಲು ಹಾಕಿದ ಕೋಟುಗಳು, ಬಿಸಿಬೇಳೆ ಬಾತಿನ ಪರಿಮಳ. ಅಷ್ಟರಲ್ಲಿ ಲಸಿಕೆ ಬಂದಿತ್ತು. ಶುಗರ್, ಅಸ್ತಮಾ ಇದ್ದವರಿಗೆ, ಬಸುರಿಯರಿಗೆ ಅವರವರ ಜಿಪಿ ಡಾಕ್ಟರ ಕಡೆಯಿಂದ ಕಾಗದ ಹೋಗುತ್ತಿತ್ತು. ಅದರ ಜೊತೆಗೆ ಗಾಳಿಮಾತೂ ಬಂದಿತ್ತು, ಈ ಜ್ವರ ನಮ್ಮ ಜನಕ್ಕೇ ಜಾಸ್ತಿಯಂತೆ, ನಮ್ಮ ರಕ್ತಕ್ಕೆ ತಡೆಯುವ ಶಕ್ತಿಯಿಲ್ಲವಂತೆ ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಬೆಂಗಳೂರಿನಲ್ಲಿರುವಷ್ಟೇ ಲಂಡನ್ನಿನಲ್ಲೂ ಇದ್ದಾರೆ. ಊಟಕ್ಕೆ ಮುಂಚೆ ಸಂಘದ ಅಧ್ಯಕ್ಷರು ಮೈಕಿನಲ್ಲಿ, “ನಮ್ಮ ವಸುಧಾ ಮೇಡಂ ಹೆಲ್ತ್ ಡಿಪಾರ್ಟ್‌ಮೆಂಟಲ್ಲೇ ಇದಾರಲ್ಲ, ಒಂದೆರಡು ಮಾತು ಹೇಳಲಿ” ಅಂದರು.

ಹೋದೆ. ಮೈಕು ಹಿಡಿದೆ. “ನೋಡ್ರಿ, ಗಾಳಿಮಾತು ನಂಬಬೇಡಿ. ಸತ್ತವರ ಪಟ್ಟಿ ನಾನೇ ಕೈಯಾರೆ ನೋಡಿದೀನಿ, ಒಂದೊಂದು ಹೆಸರೂ ನೋಡಿದೀನಿ. ನಮ್ಮವರಿಗೇನೂ ಇಲ್ಲ. ಸುಮ್ನೆ ಹೆದರಬೇಡಿ, ಆರಾಮಾಗಿ ಊಟ ಮಾಡಿ” ಅಂದೆ. ಜನ ಚಪ್ಪಾಳೆ ತಟ್ಟಿದರು. ಹ್ಯೂ ಬರೆದ ಪೆನ್ಸಿಲಿನ ಸಾಲನ್ನು ನಾನು ಹೇಳಲಿಲ್ಲ. ಮರೆತೆ ಅಂದರೆ ಸುಳ್ಳಾಗುತ್ತದೆ. ಹೇಳಿದರೆ ಮಾತಿನ ಕಳೆ ಹೋಗುತ್ತದೆ ಅನ್ನಿಸಿತು, ಬಿಟ್ಟೆ.

ಊಟವಾದ ಮೇಲೆ ಅಡುಗೆಮನೆಯಲ್ಲಿ ಲಿಗೋರಿ ದೊಡ್ಡ ಪಾತ್ರೆ ತೊಳೆಯುತ್ತಿದ್ದರು. ಲಿಲ್ಲಿ ಬಾಯಿ ತೊಳೆದದ್ದನ್ನು ಒರೆಸಿಡುತ್ತಿದ್ದರು. ನನ್ನನ್ನು ಕಂಡು ಲಿಗೋರಿ, “ಲೆಕ್ಕದ ಮೇಡಮ್, ಇವಳಿಗೊಂದು ಹೇಳಿ. ಡಾಕ್ಟ್ರು ಇಂಜೆಕ್ಷನಿಗೆ ಕಾಗದ ಕಳ್ಸಿದ್ದಾರೆ ಅಂತ ದಿನಾ ನನ್ನ ತಲೆ ತಿಂತಾಳೆ” ಅಂದರು.

“ಶುಗರ್ ಉಂಟಲ್ಲ ನಿಮ್ಗೆ. ಹೋಗಿ ಬಂದ್ರೆ ಎಂತ ಆಗ್ತದೆ?” ಅಂದರು ಲಿಲ್ಲಿ ಬಾಯಿ.

“ಒಂದು ದಿನ ರಜೆ ಹಾಕ್ಬೇಕು. ಕೈ ನೋವಾದ್ರೆ ಸ್ಟೇರಿಂಗ್ ಯಾರು ಹಿಡೀತಾರೆ? ಮೇಡಮ್ ಹೇಳಿದ್ದು ಕೇಳ್ಲಿಲ್ವಾ, ನಮ್ಮವರಿಗೆ ಏನಿಲ್ಲ ಅಂತ.”

ಇಬ್ಬರೂ ನನ್ನ ಮುಖ ನೋಡಿದರು. ಶುಗರ್ ಇದ್ದವರು ಲಸಿಕೆ ತೆಗೆದುಕೊಳ್ಳಲೇಬೇಕು ಅನ್ನುವುದು ನನಗೆ ಗೊತ್ತಿತ್ತು. ಅದನ್ನು ಹೇಳುವ ಪೋಸ್ಟರು ನಮ್ಮ ಕಚೇರಿಯ ಗೋಡೆಯ ಮೇಲೇ ಇತ್ತು. ಆದರೆ ಮೈಕಿನ ಅಮಲು ಇನ್ನೂ ಇಳಿದಿರಲಿಲ್ಲ. “ಬಿಡಿ ಲಿಲ್ಲಿ ಬಾಯಿ, ಅವರು ಎಲ್ಲರಿಗೂ ಕಾಗದ ಕಳಿಸ್ತಾರೆ. ಪಾಪ ಅವರ ಪ್ರಾಣ ಯಾಕೆ ತಿಂತೀರಾ” ಅಂತ ನಕ್ಕುಬಿಟ್ಟೆ. ಲಿಗೋರಿ, “ಕೇಳಿದ್ಯಾ?” ಅಂತ ಹೆಂಡತಿಯ ಕಡೆ ಒದ್ದೆ ಕೈ ಆಡಿಸಿದರು. ಲಿಲ್ಲಿ ಬಾಯಿ ಒರೆಸಲು ಮುಂದಿನ ಪಾತ್ರೆ ಎತ್ತಿಕೊಂಡರು.

ಡಿಸೆಂಬರ್ ಶುರುವಿನಲ್ಲಿ ಅವರಿಗೆ ಜ್ವರ ಬಂತು. ಮುದುಕರು ಕಾಯುತ್ತಾರೆ ಅಂತ ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ಬಸ್ಸು ಓಡಿಸಿದರಂತೆ. ಮೂರನೆಯ ದಿನ ಉಸಿರು ಹಿಡಿಯಿತು. ಆಂಬುಲೆನ್ಸು, ಆಸ್ಪತ್ರೆ, ಐಸಿಯು. ಗಾಜಿನಾಚೆ ನಿಂತು ಒಂದು ಸಲ ನೋಡಿ ಬಂದೆ. ಬಾಯಿಗೆ ಕೊಳವೆ ಹಾಕಿದ್ದರು. ವಾರ ತುಂಬುವುದರೊಳಗೆ ಹೋಗಿಬಿಟ್ಟರು. ಐವತ್ತೈದೂ ತುಂಬಿರಲಿಲ್ಲ. ಅಳು ನನಗೆ ಬೇಗ ಬರುವುದಿಲ್ಲ. ಇಗರ್ಜಿಯಲ್ಲಿ ಪೆಟ್ಟಿಗೆ ಎತ್ತುವಾಗ ಬಸ್ಸಿನ ಮುದುಕರು ಕೋಲು ಊರಿಕೊಂಡು ಸಾಲಾಗಿ ನಿಂತಿದ್ದನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತೆ. ದೇವರಾಣೆಗೂ ಆವತ್ತು ನನ್ನ ಮಾತು ನನಗೆ ನೆನಪಾಗಲಿಲ್ಲ.

ನೆನಪಾದದ್ದು ಮುಂದಿನ ಸೋಮವಾರ. ವಾರದ ಪಟ್ಟಿ ಬಂದಿತ್ತು. ಜ್ವರದ ಸಾವುಗಳನ್ನು ಬೇರೆ ಮಾಡಿ, ಬೇಸಿಗೆಯಲ್ಲಿ ಮಾಡಿದಂತೆ ಒಂದೊಂದೇ ಹೆಸರು ಓದುತ್ತಾ ಕಾಲಂ ತುಂಬಿಸುತ್ತಿದ್ದೆ. ಲೋಬೊ, ಲಿಗೋರಿ. ಕಸುಬು: ಬಸ್ ಡ್ರೈವರ್. ಹುಟ್ಟಿದ ಊರು: ಮೊಂಬಾಸಾ, ಕೀನ್ಯಾ.

ಮೊಂಬಾಸಾ? ಕಲ್ಯಾಣಪುರ ಅಲ್ಲವಾ? ಹದಿನೈದು ವರ್ಷದ ಒಡನಾಟ. ಹೆಸರು ಕೇಳಿ ಊರು ಹೇಳುವ ನಾನು, ಆ ಮನುಷ್ಯ ಎಲ್ಲಿ ಹುಟ್ಟಿದ ಅಂತ ಒಂದು ದಿನವೂ ಕೇಳಿರಲಿಲ್ಲ. ನನಗೆ ಎಲ್ಲ ಗೊತ್ತಿದೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರ ತಂದೆ ಮೊಂಬಾಸಾ ಬಂದರಿನಲ್ಲಿ ಗುಮಾಸ್ತರಾಗಿದ್ದರು, ಮಗುವನ್ನು ಮೂರನೇ ವಯಸ್ಸಿಗೆ ಕಲ್ಯಾಣಪುರದ ಅಜ್ಜಿಯ ಹತ್ತಿರ ಕಳಿಸಿದ್ದರು.

ನಾನೇ ಮಾಡಿದ ನಿಯಮ ಎದುರಿಗಿತ್ತು. ಲೋಬೊ ಅಂದರೆ ಯಾರೂ ಆಗಿರಬಹುದು, ಹುಟ್ಟಿದ್ದು ಇಂಡಿಯಾದಲ್ಲಲ್ಲ, ಆದ್ದರಿಂದ ಇತರೆ. ನನ್ನ ಕೈ ಆಗಲೇ ಅತ್ತ ಹೋಗಿತ್ತು. ಇವರನ್ನೇ ಇತರೆಗೆ ಹಾಕುವ ನಿಯಮ ಬೇಸಿಗೆಯಲ್ಲಿ ಇನ್ಯಾರ್ಯಾರನ್ನು ಹಾಕಿತ್ತು?

ಹಳೆಯ ಪಟ್ಟಿ ತೆಗೆದೆ. ಇತರೆಯ ಕಾಲಮ್ಮಿನಲ್ಲಿ ಒಬ್ಬ ಪಿಂಟೋ, ಹುಟ್ಟಿದ್ದು ದಾರೆಸ್ಸಲಾಂ. ಒಬ್ಬಾಕೆ ಫರ್ನಾಂಡಿಸ್, ಹುಟ್ಟಿದ್ದು ಲಂಡನ್. ಇವರು ಗೋವೆಯವರೋ, ಮಂಗಳೂರಿನವರೋ, ನಿಜಕ್ಕೂ ಲಿಸ್ಬನ್ನಿನ ಕಡೆಯವರೋ, ನನಗೇನು ಗೊತ್ತು? ಇನ್ನು ‘ನಮ್ಮವರು’ ಕಾಲಮ್ಮಿನಲ್ಲಿ ಮಾರ್ಗರೆಟ್ ಅನ್ನುವ ಮುದುಕಿಯೊಬ್ಬಳಿದ್ದಳು, ಹುಟ್ಟಿದ್ದು ಬೆಂಗಳೂರು ದಂಡು. ಹೆಸರಿನಿಂದ ಏನೂ ತಿಳಿಯಲಿಲ್ಲ, ಊರು ಇಂಡಿಯಾ, ನಮ್ಮವಳು ಅಂತ ಬರೆದುಕೊಂಡಿದ್ದೆ. ಬಿಳಿ ಸೈನಿಕರ ಮಕ್ಕಳೂ ಅಲ್ಲಿ ಹುಟ್ಟಿದ್ದರು ಅನ್ನುವುದು ಮೈಸೂರಿನವಳಾದ ನನಗೆ ಹೊಳೆಯಬಾರದಿತ್ತೇ? ಇರುವುದೇ ಬೆರಳೆಣಿಕೆಯ ಹೆಸರುಗಳು. ಮೂರು ಹೆಸರು ಅತ್ತಿಂದಿತ್ತ ಹೋದರೆ ಕಥೆಯೇ ತಿರುಗಿಬಿಡುತ್ತಿತ್ತು.

ಹ್ಯೂ ಹತ್ತಿರ ಹೋಗಿ ಎಲ್ಲ ಹೇಳಿದೆ, ಮೈಕಿನ ಮಾತೂ ಸೇರಿಸಿ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸರಿ, ಆ ಮೂವರನ್ನು ಬದಲಾಯಿಸಿ, ಲೋಬೊ ಅವರನ್ನೂ ಸೇರಿಸಿ ಮತ್ತೆ ಮಾಡು” ಅಂದರು. ಮಾಡಿದೆ. ಈ ಸಲ ತದ್ವಿರುದ್ಧ ಬಂತು, ನಮ್ಮವರೇ ತಮ್ಮ ಪಾಲಿಗಿಂತ ಹೆಚ್ಚು ಸತ್ತಿದ್ದಾರೆ ಅಂತ.

ಕಾಗದ ಅವರ ಮುಂದಿಟ್ಟೆ. “ಈಗ ಇದನ್ನು ನಂಬ್ತೀಯಾ?” ಅಂತ ಕೇಳಿದರು.

ನಂಬಬೇಕು ಅಂತ ನನಗೆ ಎಷ್ಟು ಆಸೆಯಾಗಿತ್ತು ಅಂದರೆ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಜನದ ಮೈಯೇ ಹಾಗೆ, ರಕ್ತವೇ ಹಾಗೆ ಅಂತಾದರೆ, ಲಿಗೋರಿ ಸತ್ತದ್ದು ಅದರಿಂದ. ಪಾತ್ರೆ ತೊಳೆಯುತ್ತಾ ಕೇಳಿದ ಪ್ರಶ್ನೆಗೆ ನಾನು ನಕ್ಕದ್ದರಿಂದಲ್ಲ. ಆದರೆ ಆ ಕಾಗದದಲ್ಲಿ ರಕ್ತ ಎಲ್ಲಿತ್ತು? ಯಾರಿಗೆ ಶುಗರ್ ಇತ್ತು, ಯಾರು ಜ್ವರದಲ್ಲೂ ಕೆಲಸಕ್ಕೆ ಹೋದರು, ಯಾರ ಮನೆಯಲ್ಲಿ ಒಂದು ಕೋಣೆಗೆ ನಾಲ್ಕು ಜನ ಮಲಗುತ್ತಿದ್ದರು, ಯಾರು ಡಾಕ್ಟರಿಗೆ ತಡವಾಗಿ ಫೋನ್ ಮಾಡಿದರು, ಒಂದೂ ಇರಲಿಲ್ಲ. ಬಸ್ ಡ್ರೈವರ್ ಅಂತ ಒಂದು ಪದ ಇತ್ತು, ಅಷ್ಟೇ. ಮೊದಲನೆಯ ಕಾಗದ ಎಷ್ಟು ಪೊಳ್ಳೋ ಇದೂ ಅಷ್ಟೇ ಪೊಳ್ಳು. “ಇಲ್ಲ” ಅಂದೆ. ಹಾಗಂತ ಹೆಚ್ಚು ಸಾಯುತ್ತಿಲ್ಲ ಅಂತಲೂ ಹೇಳುವ ಹಾಗಿರಲಿಲ್ಲ. ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಬೇಕಾದರೆ ಆಸ್ಪತ್ರೆಯ ದಾಖಲೆ ಕೇಳಬೇಕು, ಮನೆಯವರನ್ನು ಕೇಳಬೇಕು, ಅಷ್ಟರ ತನಕ ಶುಗರ್ ಇದ್ದವರೆಲ್ಲ ಲಸಿಕೆ ಹಾಕಿಸಿಕೊಳ್ಳಲಿ ಅಂತ ಬರೆದೆವು. ಹ್ಯೂ ಪೆನ್ಸಿಲಿನಿಂದ ಬರೆಯುತ್ತಿದ್ದ ಸಾಲನ್ನು ಈ ಸಲ ನಾನೇ ಮೊದಲು ಬರೆದೆ.

ಜನವರಿಯಲ್ಲಿ ಹಿಮ ಬಿತ್ತು. ಲಿಗೋರಿಯವರ ತಿಂಗಳ ಪೂಜೆ ಮುಗಿಸಿ, ಇಗರ್ಜಿಯಿಂದ ಲಿಲ್ಲಿ ಬಾಯಿಯ ಮನೆಗೆ ಹೋದೆ. ಬಂದಿದ್ದ ಬಂಧುಗಳು ಹಿಮಕ್ಕೆ ರಸ್ತೆ ಮುಚ್ಚುವ ಮೊದಲು ಹೊರಡಬೇಕು ಅಂತ ಬೇಗ ಎದ್ದರು. ಉಳಿದವರು ಲಿಲ್ಲಿ ಬಾಯಿ, ಅವರ ಮಗಳು ಶರಲ್, ನಾನು. ನಾನು ಕಚೇರಿಯ ಆ ಲೆಕ್ಕದ ವಿಷಯ ಎತ್ತಿದೆ. ನನ್ನ ಲೆಕ್ಕ ತಪ್ಪಿತ್ತು, ಮೈಕಿನಲ್ಲಿ ಹೇಳಿದ್ದು ತಪ್ಪು ಅಂದೆ.

ಲಿಲ್ಲಿ ಬಾಯಿ ಟೀ ಕಪ್ಪು ಕೆಳಗಿಟ್ಟರು. “ಅವ್ರ ಹೆಸ್ರು ಬಂತಾ ನಿಮ್ಮ ಪಟ್ಟಿಯಲ್ಲಿ?”

“ಬಂತು.”

“ಎಲ್ಲಿ ಹಾಕಿದ್ರಿ?”

ಸುಳ್ಳು ಹೇಳಬಹುದಿತ್ತು. “ಮೊದಲು ಇತರೆ ಅಂತ ಹಾಕೋಕೆ ಹೋದೆ” ಅಂದೆ.

“ಇತರೆ” ಅಂದರು ಅವರು, ರುಚಿ ನೋಡುವವರ ಹಾಗೆ. ಆಮೇಲೆ ನೇರವಾಗಿ ನನ್ನ ಕಣ್ಣಿಗೆ ಕಣ್ಣಿಟ್ಟು ಕೇಳಿದರು. “ವಸುಧಕ್ಕ, ಒಂದು ಕೇಳ್ತೇನೆ. ತಿರುಗಿಸಿ ಮುರುಗಿಸಿ ಹೇಳ್ಬೇಡಿ. ಆ ದಿನ ಅಡುಗೆಕೋಣೆಯಲ್ಲಿ ನೀವು ಹಾಗೆ ಹೇಳದಿದ್ರೆ, ಇವ್ರು ಉಳೀತಿದ್ರಾ?”

“ಮಮ್, ಪ್ಲೀಸ್, ಲೀವ್ ಇಟ್” ಅಂದಳು ಶರಲ್.

“ನೀನು ಸುಮ್ನಿರು.”

ಉತ್ತರಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬರಬಹುದು. ಅವರ ಡಾಕ್ಟರ ಕ್ಲಿನಿಕ್ಕಿನಲ್ಲಿ ಆ ವಾರ ಲಸಿಕೆ ಇತ್ತೋ ಇಲ್ಲವೋ. ಶುಗರ್ ಎಷ್ಟಿತ್ತೋ ಏನೋ. ಒಬ್ಬರ ಸಾವಿನಿಂದ ಯಾವ ಕಾರಣವನ್ನೂ ಸಾಬೀತು ಮಾಡಲಾಗುವುದಿಲ್ಲ. ಒಂದೊಂದೂ ನಿಜ. ಅಷ್ಟು ದಿನ ಹೇಡಿತನ ಅಂತ ಯಾವುದನ್ನು ಬೈಯುತ್ತಿದ್ದೆನೋ ಅದೇ ಎಚ್ಚರಿಕೆಯ ಹಿಂದೆ ಬಚ್ಚಿಟ್ಟುಕೊಳ್ಳಲು ಆವತ್ತು ನನಗೆ ಎಷ್ಟು ಜಾಗವಿತ್ತು!

“ಉಳೀತಿದ್ರಾ ಅನ್ನೋದು ನನಗೆ ಗೊತ್ತಿಲ್ಲ. ಯಾವ ಡಾಕ್ಟರಿಗೂ ಗೊತ್ತಾಗಲ್ಲ” ಅಂದೆ. “ಆದ್ರೆ ಲಿಲ್ಲಿ ಬಾಯಿ, ನಾನು ಹೋಗಿ ಅಂದಿದ್ರೆ ಅವರು ಹೋಗ್ತಿದ್ರು. ನೀವು ಸರಿಯಾಗೇ ಹೇಳ್ತಿದ್ರಿ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮಾತನ್ನ ನಗೆಯಾಡಿ ಹಾಳುಮಾಡಿದವಳು ನಾನು.”

ಲಿಲ್ಲಿ ಬಾಯಿ ಅಳಲಿಲ್ಲ. ಶರಲ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. “ಸಂಕ್ರಾಂತಿ ಪ್ರೋಗ್ರಾಂ ಯಾವಾಗ?” ಅಂತ ಕೇಳಿದರು ಲಿಲ್ಲಿ ಬಾಯಿ.

“ಮುಂದಿನ ಭಾನುವಾರ.”

“ಇದನ್ನೇ ಅಲ್ಲಿ ಹೇಳಿ. ಆ ದಿನ ಕೇಳಿದವ್ರು ಎಲ್ರೂ ಇರ್ತಾರಲ್ಲ. ಅವ್ರಲ್ಲಿ ಇನ್ನೆಷ್ಟು ಜನ ಡಾಕ್ಟ್ರ ಕಾಗದ ಮನೆಯಲ್ಲಿಟ್ಟು ಕೂತಿದ್ದಾರೋ, ನಿಮ್ಗೆ ಗೊತ್ತುಂಟಾ?”

ಗೊತ್ತಿರಲಿಲ್ಲ. ಆ ವಾರ ಊಟ ಸೇರಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿ ಐದು ನಿಮಿಷ ಬೇಕು ಅಂದಾಗ ಅವರು, “ಅಯ್ಯೋ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋ ದಿನ ಮೇಡಂ, ಸಾವಿನ ವಿಷಯ ಯಾಕೆ? ಒಂದು ಇ-ಮೇಲ್ ಹಾಕಿಬಿಡಿ” ಅಂದರು. ಬಾಯಲ್ಲಿ ಆಡಿದ್ದನ್ನು ಬಾಯಲ್ಲೇ ತೆಗೆದುಕೊಳ್ಳಬೇಕು ಅಂದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿದರು.

ಅದೇ ಸ್ಕೂಲ್ ಹಾಲ್, ಅದೇ ಮೈಕು. ಬೀಗ ತೆಗೆಯಲು ಬೇರೆ ಯಾರೋ ಬಂದಿದ್ದರು, ಹೀಟರ್ ಹಚ್ಚುವುದು ಹೇಗೆ ಅಂತ ಅವರಿಗೆ ಗೊತ್ತಾಗಿರಲಿಲ್ಲ, ಎಲ್ಲರೂ ಕೋಟಿನಲ್ಲೇ ಕೂತಿದ್ದರು. “ನವೆಂಬರಿನಲ್ಲಿ ನಮ್ಮವರಿಗೇನೂ ಇಲ್ಲ ಅಂತ ಇಲ್ಲೇ ನಿಂತು ಹೇಳಿದೆ. ಅದನ್ನು ಹೇಳೋಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಹೆಸರು ನೋಡಿ ಜನರನ್ನ ಬೇರೆ ಮಾಡಿದ್ದೆ, ತಪ್ಪು ಮಾಡಿದ್ದೆ. ಶುಗರ್, ಅಸ್ತಮಾ ಇದ್ದವರು, ಬಸುರಿಯರು ದಯವಿಟ್ಟು ಹೋಗಿ ಲಸಿಕೆ ಹಾಕಿಸ್ಕೊಳ್ಳಿ. ಲಿಗೋರಿಯವರಿಗೂ ಕಾಗದ ಬಂದಿತ್ತು. ಹೋಗೋದು ಬೇಡ ಅನ್ನೋ ಹಾಗೆ ಮಾತಾಡಿದವಳು ನಾನು.” ಇಷ್ಟು ಹೇಳುವಷ್ಟರಲ್ಲಿ ಬೆನ್ನೆಲ್ಲ ಬೆವರಿತ್ತು.

ಹಿಂದಿನಿಂದ ಒಬ್ಬರು ಎದ್ದರು, ಬೆಂಗಳೂರಿನ ಐಟಿಯವರು. “ಹಾಗಾದ್ರೆ ನಮ್ಮವರೇ ಜಾಸ್ತಿ ಸಾಯ್ತಿದಾರೆ ಅಂತಾನಾ ಮೇಡಂ? ಎಸ್ಸೋ ನೋನೋ ಹೇಳಿಬಿಡಿ.”

“ಗೊತ್ತಿಲ್ಲ ಕಣ್ರೀ.”

“ನೀವೇ ಹೀಗಂದ್ರೆ ಹೇಗೆ?”

“ಗೊತ್ತಿದೆ ಅಂದಾಗ ಏನಾಯ್ತು ನೋಡಿದ್ರಲ್ಲ” ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಳಿದು ಬರುವಾಗ ಕೆಲವರು ಮುಖ ತಿರುಗಿಸಿದರು. ಒಬ್ಬ ಅಜ್ಜಿ ಮಾತ್ರ ಕೈ ಹಿಡಿದು, ಅಸ್ತಮಾಕ್ಕೂ ಕೊಡ್ತಾರೇನಮ್ಮಾ, ಎಲ್ಲಿಗೆ ಹೋಗಬೇಕು ಅಂತ ವಿಚಾರಿಸಿದರು.

ಲಿಲ್ಲಿ ಬಾಯಿ ಬಾಗಿಲ ಹತ್ತಿರ ನಿಂತೇ ಎಲ್ಲ ಕೇಳಿದ್ದರು. ಊಟಕ್ಕೆ ನಿಲ್ಲದೆ ಹೊರಟಾಗ ನಾನೂ ಹಿಂದೆ ಹೋದೆ. ಕಾರ್ ಪಾರ್ಕಿನ ಹಿಮ ತುಳಿದು ತುಳಿದು ಕೆಸರಾಗಿತ್ತು. ಶರಲ್ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು.

“ಹೇಳಿದ್ರಿ. ಒಳ್ಳೇದಾಯ್ತು” ಅಂದರು ಲಿಲ್ಲಿ ಬಾಯಿ. “ನಾನು ನಿಮ್ಮ ಮೇಲೆ ಎಲ್ಲ ಹಾಕುದಿಲ್ಲ. ಅವ್ರಿಗೂ ಬುದ್ಧಿ ಇತ್ತು, ನಂಗೂ ಬಾಯಿ ಇತ್ತು. ನಾನು ಇನ್ನೊಂದು ಸಲ ಜೋರು ಮಾಡ್ಬಹುದಿತ್ತು.”

ಕೈ ಹಿಡಿಯಲು ಹೋದೆ. ಅವರು ಕೈ ಕೊಡಲಿಲ್ಲ.

“ಆದ್ರೆ ಸ್ವಲ್ಪ ಸಮಯ ನಮ್ಮ ಮನೆಗೆ ಬರ್ಬೇಡಿ, ವಸುಧಕ್ಕ. ನಿಮ್ಮನ್ನು ನೋಡಿದ್ರೆ ನಂಗೆ ಆ ನಗು ಕೇಳ್ತದೆ.”

“ಎಷ್ಟು ಸಮಯ?” ಅಂದುಬಿಟ್ಟೆ. ನನ್ನ ಬಾಯಿಗೆ ಬರುವುದೇ ಎಷ್ಟು, ಎಷ್ಟು.

ಲಿಲ್ಲಿ ಬಾಯಿ ನಿಜವಾಗಿಯೂ ಯೋಚನೆ ಮಾಡಿದರು. ನನಗೆ ನೋವಾಗದಿರಲಿ ಅಂತ ಕಡಿಮೆ ಹೇಳುವವರಲ್ಲ, ನೋವಾಗಲಿ ಅಂತ ಹೆಚ್ಚು ಹೇ‍ಳುವವರೂ ಅಲ್ಲ ಅವರು.

“ಗೊತ್ತಿಲ್ಲ” ಅಂದು ಕಾರಿನ ಬಾಗಿಲು ಎಳೆದುಕೊಂಡರು.